ಹುಣಸೆ ಅಂಗಳದಲ್ಲಿ ನಾನು ಸೋತದ್ದು

ನನ್ನ ಮೊಮ್ಮಗಳಿಗೆ ಆ ಕೆಲಸ ಸಿಕ್ಕಿದ್ದು ನಾನು ಸೋತದ್ದರಿಂದ. ನಡೆದದ್ದು ಇಷ್ಟೇ. ಅಜ್ಜಿ ಬೇಕೆಂದೇ ಸೋತಳು ಎಂದು ಊರಲ್ಲಿ ಹೇಳಿಕೊಂಡು ತಿರುಗುವವರಿದ್ದಾರೆ. ಸುಳ್ಳು. ಬೇಕೆಂದು ಸೋಲುವ ಹೆಂಗಸು ನಾನಲ್ಲ. ಗೆಲ್ಲಲೆಂದೇ ಬಾಯಿ ಮಾಡಿದೆ, ಆಗಲಿಲ್ಲ.

ಅವಳು ಓದುತ್ತಿರುವುದು ಕಾನೂನು. ಯುಗಾದಿ ಮುಗಿದ ವಾರ ಕೊರಟಗೆರೆಯಲ್ಲಿ ಬಸ್ಸಿಳಿದು, ಹೆಗಲಿಗೊಂದು ಚೀಲ, ಎದೆಗೊಂದು ಕಂಪ್ಯೂಟರು ಅವಚಿಕೊಂಡು ಮನೆಗೆ ಬಂದಳು. ಯಾವುದೋ ಸಂಸ್ಥೆಯಲ್ಲಿ ಇಂಟರ್ನ್‌ಶಿಪ್ಪಂತೆ. ಜನ ಸೇರಿ ಸಂಘ ಕಟ್ಟಿಕೊಳ್ಳುವುದಕ್ಕೆ ಯಾವ ದೇಶದಲ್ಲಿ ಏನು ಕಾನೂನಿದೆ, ಯಾವ ಸರ್ಕಾರ ಬಿಡುತ್ತದೆ, ಯಾವುದು ಅಡ್ಡಗಾಲು ಹಾಕುತ್ತದೆ ಎಂದು ನೋಡುವುದು ಆ ಸಂಸ್ಥೆಯವರ ಕೆಲಸ.

"ನಾಕು ಜನ ಸೇರಾಕೂ ಕಾನೂನು ಬೇಕೇನೇ?" ಎಂದೆ.

"ಬೇಕು ಅಜ್ಜಿ. ಕೆಲವು ದೇಶದಲ್ಲಿ ನಾಲ್ಕು ಜನ ಸೇರಿದ್ರೆ ಪೊಲೀಸರು ಬರ್ತಾರೆ."

"ಇಲ್ಲಿ ನಾಕು ಜನ ಸೇರಿದ್ರೆ ಕಾಫಿ ಕೇಳ್ತಾರೆ, ಅಷ್ಟೇಯಾ."

ಅವಳಿಗೆ ನಗು ಬರಲಿಲ್ಲ. ಪಾಪ, ತಲೆಬಿಸಿಯಲ್ಲಿದ್ದಳು. ಅವಳ ಜೊತೆಗೆ ಬೇರೆ ಬೇರೆ ದೇಶದ ಹುಡುಗ ಹುಡುಗಿಯರೂ ಈ ಕೆಲಸ ಕಲಿಯುತ್ತಿದ್ದರು. ಒಬ್ಬೊಬ್ಬರೂ ತಮ್ಮ ಕಡೆಯ ಒಂದು ಸಂಘ ಹುಡುಕಬೇಕು. ಸರ್ಕಾರದಲ್ಲಿ ನೋಂದಣಿಯಾಗಿರಬಾರದು, ಆದರೂ ನಡೆದುಕೊಂಡು ಬರುತ್ತಿರಬೇಕು. ಅದನ್ನು ವಿಡಿಯೋದಲ್ಲಿ ಎಲ್ಲರಿಗೂ ತೋರಿಸಿ, ಅದರ ನಿಯಮಗಳೇನು ಎಂದು ವಿವರಿಸಬೇಕು. ಕೊನೆಗೆ ಒಬ್ಬರನ್ನು ಮಾತ್ರ ಸಂಸ್ಥೆ ಮುಂದಿನ ವರ್ಷಕ್ಕೂ ಉಳಿಸಿಕೊಳ್ಳುತ್ತದೆ. ಅದು ತನಗೇ ಆಗಬೇಕು ಎಂದು ಇವಳ ಆಸೆ. ಮಧುಗಿರಿ ತಿರುಗಿದಳು, ಶಿರಾ ತಿರುಗಿದಳು. ಹೋದ ಕಡೆಯಲ್ಲೆಲ್ಲ ಬೋರ್ಡು, ಸೀಲು, ಅಧ್ಯಕ್ಷರು. ಮುಖ ಇಳಿಬಿಟ್ಟುಕೊಂಡು ಮನೆಗೆ ಬಂದರೆ ನಮ್ಮ ಅಂಗಳದಲ್ಲಿ ಹೆಂಗಸರೆಲ್ಲ ಕೂತು ಹುಣಸೆಹಣ್ಣು ಕುಟ್ಟುತ್ತಿದ್ದರು.

ಹುಟ್ಟಿದಾಗಿನಿಂದ ನೋಡಿದ್ದೇ. ಅವತ್ತು ಮಾತ್ರ ಬಾಗಿಲಲ್ಲೇ ನಿಂತುಬಿಟ್ಟಳು. "ಅಜ್ಜಿ, ಇದೇ ಸಂಘ!"

"ಇದ್ಯಾವ ಸಂಘ ಕಣಮ್ಮ, ಇದು ಮುಯ್ಯಾಳು."

ಮುಯ್ಯಾಳೆಂದರೆ ಇವತ್ತು ನೀವು ನನ್ನ ಅಂಗಳಕ್ಕೆ, ನಾಳೆ ನಾನು ನಿಮ್ಮ ಅಂಗಳಕ್ಕೆ. ಕೂಲಿಯಿಲ್ಲ. ಬೇಸಿಗೆಯಲ್ಲಿ ಮರ ಬಡಿದು ತಂದ ಹಣ್ಣಿನ ಓಡು ಬಿಡಿಸಿ, ಕಲ್ಲಿನ ಮೇಲಿಟ್ಟು ಕೊಡತಿಯಿಂದ ಕುಟ್ಟಿ ಬೀಜ ತೆಗೆಯುವುದು ಒಬ್ಬಳ ಕೈಯಲ್ಲಿ ಮುಗಿಯುವ ಕೆಲಸವಲ್ಲ. ಅದಕ್ಕೇ ಸರದಿ.

ನಿಯಮ ಏನು, ನಿಯಮ ಏನು ಎಂದು ಅವಳು ನನ್ನ ಪ್ರಾಣ ತಿಂದಳು. ನಿಯಮ ಇಲ್ಲ ಎಂದೆ. ಇಲ್ಲ ಅಂತಲೇ ನಾನೂ ತಿಳಿದಿದ್ದೆ. ಅವಳ ಮೇಲಿನ ಮೇಡಂ ಕೀನ್ಯಾ ದೇಶದವಳು, ಖಡಾಖಂಡಿತದ ಹೆಂಗಸು. ನಿಯಮ ಇಲ್ಲದಿದ್ದರೆ ಅದು ಸಂಘವಲ್ಲ, ಬರೀ ಅಕ್ಕಪಕ್ಕದ ಮನೆಯವರು ಎಂದು ಹೇಳಿದ್ದಳಂತೆ. ಮೊಮ್ಮಗಳು ತಟ್ಟೆಯಲ್ಲಿ ಮುದ್ದೆ ಬಿಟ್ಟು ಎದ್ದಳು.

ವಿಡಿಯೋದ ದಿನ ಬಂತು. ದೊಡ್ಡವರು ನೋಡುತ್ತಾರೆಂದರೆ ನಮ್ಮ ಕಡೆ ಏನು ಮಾಡುತ್ತೇವೋ ಅದನ್ನೇ ಮಾಡಿಸಿದೆ. ಅಂಗಳಕ್ಕೆ ರಂಗೋಲಿ. ಎಲ್ಲರಿಗೂ ರೇಷ್ಮೆ ಸೀರೆ. ಹಣ್ಣಿನ ರಾಶಿಯ ಮೇಲೆ ಟಾರ್ಪಾಲು, ಕೊಡತಿಗಳೆಲ್ಲ ಒಳಗೆ. "ಏನು ಕೇಳಿದ್ರೂ ಎಲ್ಲಾ ಚೆನ್ನಾಗೈತೆ ಅನ್ನಿ. ಯಾರೂ ಬಾಯಿ ಬಿಡಬ್ಯಾಡಿ" ಎಂದು ಎಲ್ಲರಿಗೂ ಹೇಳಿಕೊಟ್ಟೆ.

ಹಾಗೇ ಅಂದರು. ಮೇಡಂ ಕೇಳುವುದು, ಮೊಮ್ಮಗಳು ಕನ್ನಡ ಮಾಡುವುದು, ಇವರು ಕೋರಸ್ಸಿನಲ್ಲಿ ಹೇಳುವುದು.

"ಜಗಳ ಆಗುತ್ತಾ?"

"ಇಲ್ಲ ಮೇಡಂ."

"ಯಾರಾದರೂ ಸರದಿ ತಪ್ಪಿಸಿದರೆ?"

"ತಪ್ಸಲ್ಲ ಮೇಡಂ."

ಮೇಡಂ ಪೆನ್ನು ಕೆಳಗಿಟ್ಟಳು. ಮೊಮ್ಮಗಳ ಮುಖ ಬಾಡಿದ ಬದನೆಕಾಯಿ ಆಯಿತು.

ಆಗ ಬಂದಳು ಎದುರುಮನೆಯವಳು. ಶಿರಾದಲ್ಲಿ ಮಗಳ ಹೆರಿಗೆ ಮುಗಿಸಿ ಆಗತಾನೆ ಬಸ್ಸಿಳಿದವಳಿಗೆ ವಿಡಿಯೋ ಗಿಡಿಯೋ ಏನೂ ಗೊತ್ತಿಲ್ಲ. ಚೀಲವನ್ನು ರಂಗೋಲಿಯ ಮೇಲೇ ಇಟ್ಟು, "ಏನ್ರೇ, ಮದುವೆಗೆ ಹೊಂಟಿದ್ದೀರಾ? ನಾಳೆ ನನ್ ಅಂಗಳ. ಎಲ್ಲಾರೂ ಬತ್ತೀರಿ ತಾನೇ?" ಎಂದಳು.

ನನಗೆ ತಡೆಯಲಾಗಲಿಲ್ಲ. "ಯಾರೂ ಬರಾಕಿಲ್ಲ ಓಗೇ! ನನ್ ಸರದಿಲಿ ನೀನು ಬಂದಿದ್ಯಾ?"

"ಮಗಳು ಹೆರ್ತಾ ಇದ್ಲು. ನಿನ್ನ ಹುಣಸೆಹಣ್ಣು ಮುಗಿಯೋಗಂಟ ತಡ್ಕೋ ಅನ್ಬೇಕಾಗಿತ್ತಾ? ನನ್ ಬದಲು ಸೊಸೆನ ಕಳ್ಸಿದ್ನಲ್ಲಾ!"

ಸೊಸೆ ಪಾವಗಡದವಳು, ಹೊಸದಾಗಿ ಬಂದ ಹುಡುಗಿ, ಮಾತಿನಲ್ಲಿ ಅರ್ಧ ತೆಲುಗು. ಗುಂಪಿನ ಹಿಂದಿನಿಂದ ಮೆಲ್ಲಗೆ ಕೈ ಎತ್ತಿದಳು. "ನಾನು ಬಂದಿದ್ದೆ ಕದಾ ಅವ್ವಾ. ನೀವೇ ವದ್ದು, ಬ್ಯಾಡ ಅಂತ ವಾಪಸ್ ಕಳ್ಸಿದ್ರಿ."

"ನೀನು ಅರ್ಧ ಬೀಜ ಹಣ್ಣಲ್ಲೇ ಬುಡ್ತಿದ್ಯಲ್ಲೇ! ಅದೇನು ಕೆಲಸನಾ?"

ಅಲ್ಲಿಗೆ ಎಲ್ಲರ ಬಾಯೂ ಬಿಚ್ಚಿತು. ರೇಷ್ಮೆ ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಹೆಂಗಸರು ಎರಡು ಪಕ್ಷವಾದರು. ಮೊಮ್ಮಗಳು ಮೊದಲು ಶ್ ಶ್ ಎಂದು ಕೈ ಆಡಿಸಿದಳು. ಆಮೇಲೆ ಕಂಪ್ಯೂಟರಿನ ಕಡೆ ನೋಡಿದಳು. ಮೇಡಂ ಪೆನ್ನು ಮತ್ತೆ ಹಿಡಿದಿದ್ದಳು, ಮೂಗು ಗಾಜಿಗೆ ತಾಗುವಷ್ಟು ಮುಂದೆ ಬಾಗಿದ್ದಳು. ಮೊಮ್ಮಗಳು ಕಂಪ್ಯೂಟರನ್ನು ನಮ್ಮ ಕಡೆಗೆ ತಿರುಗಿಸಿ ನಡುವೆ ಬಂದು ನಿಂತಳು.

"ಒಬ್ಬೊಬ್ಬರೇ ಮಾತಾಡಿ. ಅಜ್ಜಿ, ನೀನು ಸುಮ್ಮನಿರು."

"ನಾನ್ಯಾಕೆ ಸುಮ್ಕಿರ್ಲಿ?"

"ಕೇಸೂ ನಿಂದೇ, ಜಡ್ಜೂ ನೀನೇ ಆದ್ರೆ ಹೆಂಗೆ? ಉಳಿದವರು ಹೇಳ್ಲಿ."

ಹೆಂಗಸರು ಕೇಕೆ ಹಾಕಿ ನಕ್ಕರು. ನನ್ನ ಅಂಗಳದಲ್ಲಿ ನನಗೆ ಸುಮ್ಮನಿರು ಎಂದವರು ಅಲ್ಲಿಯವರೆಗೆ ಯಾರೂ ಇರಲಿಲ್ಲ. ಎಲ್ಲರಿಗೂ ಅದೇ ಹಬ್ಬ.

ಒಬ್ಬಳು ಎದ್ದಳು, ಮೂಲೆಮನೆಯವಳು. "ಹೋದ್ವರ್ಷ ಮಂಡಿನೋವು ಅಂತ ನಿನ್ನ ಬದಲು ಮಗನ್ನ ಕಳ್ಸಿದ್ಯಲ್ಲಕ್ಕಾ. ಅವನು ಹಣ್ಣು ಬುಟ್ಟು ತನ್ನ ಬೆರಳನ್ನೇ ಕುಟ್ಕೊಂಡು ಕೂತಿದ್ದ. ನಾವು ವಾಪಸ್ ಕಳ್ಸುದ್ವಾ?"

ನಾನು ಟಾರ್ಪಾಲಿನ ಮೂಲೆ ಎಳೆದು ಸರಿಮಾಡತೊಡಗಿದೆ.

ಮೊಮ್ಮಗಳು ಇಂಗ್ಲಿಷಿನಲ್ಲಿ ಪಟಪಟ ಹೇಳುತ್ತಿದ್ದಳು, ಕಣ್ಣು ಹೊಳೆಯುತ್ತಿತ್ತು. ತೀರ್ಮಾನ ಆಯಿತು. ಬದಲಿಗೆ ಬಂದವರು ಬಂದಂತೆಯೇ ಲೆಕ್ಕ, ಕೈ ಪಳಗಿರಲಿ ಬಿಡಲಿ. ವಾಪಸ್ ಕಳಿಸಿದ್ದು ನನ್ನ ಖುಷಿ. ನಾಳೆ ಎದುರುಮನೆ ಅಂಗಳಕ್ಕೆ ಎಲ್ಲರೂ ಹೋಗಬೇಕು, ನಾನೂ ಸೇರಿ. ಬೇಡ ಎಂದು ಕೈ ಎತ್ತಿದವಳು ನಾನೊಬ್ಬಳೇ. ಅದನ್ನೂ ಎಣಿಸಬೇಡಿ ಎಂದಳು ಮೊಮ್ಮಗಳು.

ಮೇಡಂ ಕೊನೆಯ ಪ್ರಶ್ನೆ ಕೇಳಿದಳು. "ಸೋತವರು ನಾಳೆ ಹೋಗದಿದ್ದರೆ ಏನು ಮಾಡುತ್ತೀರಿ?"

ಎಲ್ಲರೂ ನನ್ನ ಕಡೆ ತಿರುಗಿದರು.

"ನೋಡಾನ" ಎಂದೆ.

ಅದನ್ನು ಕನ್ನಡದಿಂದ ಇಂಗ್ಲಿಷಿಗೆ ಹೇಗೆ ಮಾಡಿದಳೋ, ಮೇಡಂ ಹೊಟ್ಟೆ ಹಿಡಿದು ನಕ್ಕಳು. ಹಾಗಾದರೆ ನಾವೂ ನೋಡುತ್ತೇವೆ, ನಾಳೆ ಏನಾಯಿತೆಂದು ತಿಳಿಸು, ನಿನ್ನನ್ನು ಉಳಿಸಿಕೊಳ್ಳುವುದೋ ಬಿಡುವುದೋ ಆಮೇಲೆ ಹೇಳುತ್ತೇನೆ ಎಂದು ಮೊಮ್ಮಗಳಿಗೆ ಹೇಳಿ ಮುಗಿಸಿದಳು.

ಆ ಸಂಜೆ ಮೊಮ್ಮಗಳು ನನಗೆ ಹೋಗು ಎನ್ನಲಿಲ್ಲ. ನನ್ನ ಕೊಡತಿಯನ್ನು ತೊಳೆದು, ಬಾಗಿಲ ಪಕ್ಕ ನನ್ನ ಚಪ್ಪಲಿಯ ಹತ್ತಿರ ಒಣಗಲು ಇಟ್ಟಳು. ಕಳ್ಳಿ.

ಮಾರನೆಯ ದಿನ ಬೆಳಿಗ್ಗೆ, ಕಾಫಿಗೂ ಕಾಯದೆ, ಕೊಡತಿ ತೆಗೆದುಕೊಂಡು ರಸ್ತೆ ದಾಟಿದೆ. ಎದುರುಮನೆಯವಳು ಇನ್ನೂ ಕಸ ಗುಡಿಸಿರಲಿಲ್ಲ. "ಬೇಗ ಗುಡಿಸೇ, ಕೂರಾಕೆ ಜಾಗ ಇಲ್ಲ" ಎಂದೆ. ಅವಳು ಪೊರಕೆ ಹಿಡಿದು ಪಿಳಿಪಿಳಿ ನೋಡಿದಳು. ಪಾವಗಡದ ಸೊಸೆಯ ಕೈ ಹಿಡಿದು ನನ್ನ ಪಕ್ಕದಲ್ಲೇ ಕೂರಿಸಿಕೊಂಡೆ. "ಬಲವಾಗಿ ಕುಟ್ಟಬ್ಯಾಡ. ಇಂಗೆ, ಪಕ್ಕದಿಂದ ತಟ್ಟು. ಬೀಜ ತಾನೇ ಹಾರ್ತದೆ."

"ಸರೇ ಅವ್ವಾ" ಎಂದಳು.

ತಲೆ ಎತ್ತಿದರೆ ಮೊಮ್ಮಗಳು ಬೇಲಿಯ ಹತ್ತಿರ ಫೋನು ಎತ್ತಿ ಹಿಡಿದು ಹಲ್ಲು ಬಿಡುತ್ತಾ ನಿಂತಿದ್ದಳು. "ಫೋಟೋ ಆಮೇಲೆ ಹೊಡಿಯೋವಂತೆ, ಬಾರೇ ಇಲ್ಲಿ" ಎಂದು ಅವಳ ಮುಂದಕ್ಕೂ ಒಂದು ಕಲ್ಲು ತಳ್ಳಿದೆ.