ಆರು ಗುರುತಿನ ಬಾಟಲಿ

ಗೆಳೆಯರೇ, ಇವತ್ತು ಬೆಳಿಗ್ಗೆ ಸೊರಬದ ನಮ್ಮ ಸರ್ಕಾರಿ ಆಸ್ಪತ್ರೆಗೆ ಉಳವಿಯ ರೈತರೊಬ್ಬರು ಖಾಲಿ ಬಾಟಲಿ ಹಿಡಿದು ಬಂದರು. ಅವರ ಹೆಂಡತಿಯ ಜ್ವರಕ್ಕೆ ನಿನ್ನೆಯಷ್ಟೇ ಎರಡು ದಿನದ ಔಷಧಿ ಬೆರೆಸಿ, ಆರು ಹೊತ್ತಿಗೆ ಆರು ಗುರುತಿನ ಕಾಗದದ ಪಟ್ಟಿ ಅಂಟಿಸಿ ಕೊಟ್ಟ ಕಾಂಪೌಂಡರ್ ನಾನೇ.

"ಇಷ್ಟು ಬೇಗ ಹೆಂಗೆ ಖಾಲಿ ಆಯ್ತು?" ಅಂದೆ.

"ಮನೇಲಿ ಆರು ಜನ ಅಲ್ವೇನ್ರೀ. ನೀವು ಪಾಲು ಮಾಡಿ ಕೊಟ್ಟಂಗೆ ಎಲ್ರೂ ಕುಡಿದ್ವಿ."

"ಜ್ವರ?"

"ಅವ್ಳಿಗೆ ಇನ್ನೂ ಇಳಿದಿಲ್ಲ. ನಾವೆಲ್ಲ ಆರಾಮಾಗಿದೀವಿ."

ಔಷಧಿ ಕೊಡುವಾಗ ರೋಗಿಗಳಿಗೆ ಬಿಡಿಸಿ ಹೇಳಲು ಇನ್ನೊಬ್ಬರನ್ನು ಕೊಡಿ ಎಂದು ಹೋದ ತಿಂಗಳೇ ಮೇಲಿನ ಕಚೇರಿಗೆ ಬರೆದಿದ್ದೆ. ಇವತ್ತು ಮಧ್ಯಾಹ್ನದ ಟಪಾಲಿಗೆ ಉತ್ತರ ಬಂತು: "ಬಾಟಲಿಯ ಮೇಲೆ ಗುರುತು ಇರುವುದರಿಂದ ವಿವರಣೆ ಅನಗತ್ಯ."

ಆ ಒಂದು ಸಾಲಿನ ಕೆಳಗೆ ಎಣಿಸಿದೆ. ಆರು ಜನರ ಸಹಿ ಇತ್ತು.