ಆಲೆಮನೆಯಲ್ಲಿ ಶುರುವಾದ ಕಾಲೇಜು

ಆಗೆಲ್ಲ ನಮ್ಮ ಕಡೆಯವರು ಡಿಗ್ರಿ ಓದಬೇಕೆಂದರೆ ಮಂಡ್ಯದ ಬಸ್ಸಿಗೆ ನೇತುಬೀಳಬೇಕಿತ್ತು. ಕೊಪ್ಪದ ಹತ್ತಿರದ ನಮ್ಮ ಹಳ್ಳಿಗೆ ಹೇಗೋ ಒಂದು ಕಾಲೇಜು ಮಂಜೂರಾಯಿತು. ಕಟ್ಟಡ ಮಾತ್ರ ಇರಲಿಲ್ಲ. ಊರ ಹಿರಿಯರಾದ ಚಿಕ್ಕೇಗೌಡರು ತಮ್ಮ ಆಲೆಮನೆ ಬಿಟ್ಟುಕೊಟ್ಟರು. ಗಾಣ ಮೂಲೆ ಸೇರಿತು, ಬೆಲ್ಲದ ಕೊಪ್ಪರಿಗೆ ಬೋರಲು ಬಿತ್ತು, ಒಲೆಯ ಮೇಲೆ ಕಪ್ಪುಹಲಗೆ ನಿಂತಿತು. ಬೆಲ್ಲದ ವಾಸನೆಗೆ ಬರುತ್ತಿದ್ದ ಜೇನುನೊಣಗಳನ್ನು ಓಡಿಸುವುದರಲ್ಲೇ ಪೇಟೆಯಿಂದ ಬಂದ ಮೇಷ್ಟ್ರ ಅರ್ಧ ಪಾಠ ಮುಗಿಯುತ್ತಿತ್ತು.

ಆದರೆ ಹುಡುಗರು ಸಾಲಲಿಲ್ಲ. ಇಷ್ಟೇ ಜನ ಆದರೆ ಕಾಲೇಜು ಬೇರೆ ಊರಿನ ಪಾಲಾಗುತ್ತದೆ ಎಂದು ಸುದ್ದಿಯಾಯಿತು. ಗೌಡರು ಮನೆಮನೆ ಸುತ್ತಿ, ಪಿಯುಸಿ ಮುಗಿಸಿ ಮನೆಯಲ್ಲಿ ಕೂತಿದ್ದ ಹೆಣ್ಣುಮಕ್ಕಳನ್ನು ಕಾಲೇಜಿಗೆ ಕಳಿಸಿ ಎಂದು ಕೇಳತೊಡಗಿದರು. ನಮ್ಮ ಜಯಕ್ಕ ಹಾಗೆ ಕೂತವಳೇ. ಕೂತವಳು ಅಂದರೆ ಹಸು ನೋಡಿಕೊಂಡು, ಹಾಲು ಕರೆದು ಡೈರಿಗೆ ಹಾಕುತ್ತಿದ್ದವಳು.

"ಮಗೀನ ಒಂದ್ ವರ್ಸ ಕಳ್ಸ್ಲಾ. ಕಾಲೇಜು ನಿಂತ್ಕಳ್ಲಿ, ಆಮ್ಯಾಕೆ ನಿನ್ನಿಷ್ಟ" ಎಂದರು ಗೌಡರು.

"ಒಂದೇ ವರ್ಸ ಗೌಡ್ರೆ. ಆಮ್ಯಾಕೆ ಕೇಳ್ಬ್ಯಾಡಿ" ಎಂದ ಅಪ್ಪ.

ಆ ವರ್ಷ ಜಯಕ್ಕನ ಕಾಲು ನೆಲದ ಮೇಲಿರಲಿಲ್ಲ. ಆಲೆಮನೆ ಗೋಡೆಗಂಟಿದ ಹಳೇ ಬೆಲ್ಲದ ಚೂರು ಕೆತ್ತಿ ತಂದು, ಇನ್ನೂ ಶಾಲೆ ಹುಡುಗಿಯಾಗಿದ್ದ ನನ್ನ ಬಾಯಿಗಿಡುತ್ತಿದ್ದಳು. ಸಂಜೆ ಹುಲ್ಲು ಕೊಯ್ಯುತ್ತಾ ರಾಜರ ಕತೆಯೆಲ್ಲ ನನಗೆ ಒಪ್ಪಿಸುತ್ತಿದ್ದಳು. ಒಂದು ವರ್ಷ ಎಂದದ್ದು ಅಪ್ಪನಿಗೆ ಮರೆತೇ ಹೋಗುತ್ತದೆ ಎಂದು ಅವಳು ನಂಬಿದ್ದಳು.

ಮರುವರ್ಷ ಸುತ್ತಲ ಹಳ್ಳಿಗಳಿಂದ ಗಂಡುಹುಡುಗರು ದಂಡಿಯಾಗಿ ಬಂದರು. ಕಾಲೇಜು ಉಳಿಯಿತು. ತರಗತಿ ಶುರುವಾಗುವ ದಿನ ಜಯಕ್ಕ ಜಡೆ ಹೆಣೆದು, ಹೂ ಮುಡಿದು ಹೊರಟಳು.

"ಎಲ್ಲಿಗವ್ವ?" ಎಂದ ಅಪ್ಪ.

"ಕಾಲೇಜಿಗೆ ಕಣಪ್ಪ. ಇನ್ನೂ ಎಲ್ಡು ವರ್ಸ ಅದೆ."

"ಕಾಲೇಜು ನಿಂತ್ಕತ್ತಲ್ಲ. ಇನ್ಯಾಕೆ? ದನ ಯಾರು ನೋಡಾರು?"

ಅವ್ವ ಮುದ್ದೆ ತೊಳಸುತ್ತಲೇ ಇದ್ದಳು. ಜಯಕ್ಕ ಹೆಗಲ ಚೀಲ ಇಳಿಸಿ ನನ್ನ ಹೆಗಲಿಗೆ ಹಾಕಿದಳು. ಅಂಥ ಚೀಲ ನಮ್ಮ ಶಾಲೆಯಲ್ಲಿ ಯಾರಿಗೂ ಇರಲಿಲ್ಲ. ನಾನು ಕುಣಿಯುತ್ತಾ ಹೋದೆ. ನಾನೇನು ಕಿತ್ತುಕೊಳ್ಳಲಿಲ್ಲ, ನಿಜ. ಆದರೂ ಆ ಕುಣಿತ ಇವತ್ತಿಗೂ ಮರೆತಿಲ್ಲ.

ನನ್ನ ಸರದಿ ಬಂದಾಗ ಅಪ್ಪ ತಕರಾರೇ ಮಾಡಲಿಲ್ಲ. "ಊರಲ್ಲೇ ಅದಲ್ಲ, ಓಗ್ಲಿ ಬುಡು" ಎಂದ. ಅಲ್ಲೇ ಓದಿದೆ, ಈಗ ಅಲ್ಲೇ ಇತಿಹಾಸ ಪಾಠ ಮಾಡುತ್ತೇನೆ. ವಾರ್ಷಿಕೋತ್ಸವದಲ್ಲಿ ಜಾಗ ಕೊಟ್ಟವರಿಗೆ ಹಾರ ಹಾಕುತ್ತೇವೆ. ತಲೆ ಲೆಕ್ಕಕ್ಕೆ ಬಂದು ಕಾಲೇಜು ಉಳಿಸಿ ಹೋದ ಹುಡುಗಿಯರ ಹೆಸರನ್ನು ಯಾರೂ ಎತ್ತುವುದಿಲ್ಲ. ನಾನೂ ಎತ್ತಿಲ್ಲ.

ಮೊನ್ನೆ ಒತ್ತಾಯ ಮಾಡಿ ಜಯಕ್ಕನನ್ನು ಕಾಲೇಜಿಗೆ ಕರೆದುಕೊಂಡು ಹೋದೆ.

"ನಮ್ ಆಲೆಮನೆ ಎಲ್ಲವ್ವ?" ಎಂದು ಹುಡುಕಿದಳು. ಅದನ್ನು ಕೆಡವಿ ಬೈಕ್ ನಿಲ್ಲಿಸುವ ಜಾಗ ಮಾಡಿದ್ದೇವೆ. ಈಗ ಅಲ್ಲಿ ಪೆಟ್ರೋಲ್ ವಾಸನೆ. ತೋರಿಸುವಾಗ ನಾಚಿಕೆಯಾಯಿತು. ತರಗತಿಯೊಳಗೆ ಕರೆದರೆ ಬರಲಿಲ್ಲ, ಬಾಗಿಲಲ್ಲೇ ನಿಂತು ಇಣುಕಿದಳು.

"ಹೆಣ್ಣೈಕ್ಳೇ ಜಾಸ್ತಿ ಅವ್ರಲ್ಲ!" ಎಂದು ಮುಖ ಅರಳಿಸಿದಳು. ಆಮೇಲೆ ದನಿ ತಗ್ಗಿಸಿ ಕೇಳಿದಳು: "ಎಲ್ರೂ ಮೂರೂ ವರ್ಸ ಓದ್ತಾರಾ?"

"ಓದ್ತಾರೆ ಕಣಕ್ಕ" ಎಂದೆ, ಅವಳ ಮುಖ ನೋಡಲಾಗದೆ.