ಲಾಯ್ಡ್ ಉಜ್ಜಿ ತೆಗೆದ ಹೆಸರು

ಲಾಯ್ಡ್ ಪ್ರೂಯಿಟ್‌ನಂಥ ಕೆಲಸಗಾರ ಈ ಕಂಬರ್ಲೆಂಡ್ ನದಿಯ ದಂಡೆಯಲ್ಲಿ ಇನ್ನೊಬ್ಬನಿಲ್ಲ. ಆ ಕೈಚಳಕವೇ ಅವನಿಗೆ ಮುಳುವಾಯಿತು. ನಾನು ಅವನ ಪಕ್ಕದ ಮನೆಯವನು, ನಡೆದದ್ದನ್ನು ಕಂಡವನು, ಕಾಣದ್ದನ್ನು ಅವನ ಬಾಯಲ್ಲೇ ಕೇಳಿದವನು.

ಎಲೆ ಉದುರುವ ಕಾಲ ಬಂತೆಂದರೆ ನಾವು ಊರಿನ ಗಂಡಸರೆಲ್ಲ ಉಣ್ಣೆ ಕೋಟು ತೊಟ್ಟು, ಮುತ್ತಜ್ಜಂದಿರು ಉತ್ತರದ ರಾಜ್ಯ, ದಕ್ಷಿಣದ ರಾಜ್ಯ ಎಂದು ಬಡಿದಾಡಿದ ಅಂತರ್ಯುದ್ಧವನ್ನು ಹುಲ್ಲುಗಾವಲಿನಲ್ಲಿ ನಾಟಕದಂತೆ ಮತ್ತೆ ಆಡುತ್ತೇವೆ. ನನ್ನ ಹೊಟ್ಟೆಯ ಗಾತ್ರಕ್ಕೆ ಸಾಯುವ ಪಾತ್ರವೇ ಹಿತ. ಬೇಗ ಬಿದ್ದುಕೊಂಡರೆ ಆಯಿತು. ಈ ಆಟಕ್ಕೆ ಬೇಕಾದ, ಮದ್ದು ತುಂಬಿ ಕೇಪು ಸಿಡಿಸಿ ಹೊಡೆಯುವ ರಿವಾಲ್ವರುಗಳು ಇಟಲಿಯಿಂದ ಬರುತ್ತವೆ. ಮಾದರಿ ಹಳೆಯದು, ಕಬ್ಬಿಣ ಹೊಚ್ಚಹೊಸದು. ಪೆಟ್ಟಿಗೆಯಿಂದ ತೆಗೆದಾಗ ನಳಿಗೆ ಸಡಿಲ, ಎಳೆಯುವ ಕುದುರೆ ಬಿಗಿ. ಸಿಡಿದ ಕೇಪಿನ ಚೂರು ಸಂದಿಗೆ ಬಿದ್ದು ಎಲ್ಲವೂ ಕಚ್ಚಿಕೊಂಡು ನಿಲ್ಲುತ್ತದೆ. ಆಗ ಲಾಯ್ಡ್‌ನ ಶೆಡ್ಡಿಗೆ ಓಡುತ್ತೇವೆ. ಅವನು ನಳಿಗೆ ಹಿಡಿದಿಡುವ ಬೆಣೆಯನ್ನು ಸರಿಯಾಗಿ ಕೂರಿಸಿ, ಸ್ಪ್ರಿಂಗು ಸವೆಸಿ, ಬೈದು ಕಳಿಸುತ್ತಾನೆ.

“ಹೊಡೆದ ದಿನಾನೇ ಬಿಸಿ ಸೋಪುನೀರಲ್ಲಿ ತೊಳೀಬೇಕು ಕಣಯ್ಯಾ. ಕುರಿಕೊಬ್ಬು, ಜೇನುಮೇಣ ಕಾಯಿಸಿ ಹಚ್ಚು. ಗಾಡಿ ಆಯಿಲ್ ಸುರಿದ್ಯೋ, ಮದ್ದಿನ ಮಸಿ ಡಾಂಬರಾಗುತ್ತೆ. ಆಮೇಲೆ ನನ್ ಹತ್ರ ಬಂದು ಗೋಳಾಡ್ಬೇಡ.”

ಅವನ ಕೈ ನಿಜಕ್ಕೂ ಕಾಣುವುದು ಕೊನೆಯ ಕೆಲಸದಲ್ಲಿ. ನಳಿಗೆಯ ಮೇಲೆ ಇಟಲಿಯ ಕಾರ್ಖಾನೆಯ ಹೆಸರು, ಮುದ್ರೆ ಎಲ್ಲ ಇರುತ್ತವಲ್ಲ, ಅವು ಕಂಡರೆ ತಂಡದವರು ಆಡಿಕೊಂಡು ನಗುತ್ತಾರೆ. ಲಾಯ್ಡ್ ಅವನ್ನು ಅರದಿಂದ ಉಜ್ಜಿ ತೆಗೆಯುತ್ತಿದ್ದ. ಮೇಲಿನ ನೀಲಿ ಹೊಳಪನ್ನು ವಿನೆಗರಿನಲ್ಲಿ ಕಳೆದು, ತುಕ್ಕು ಹಿಡಿಸಿ, ಮತ್ತೆ ತಿಕ್ಕಿ, ನೂರೈವತ್ತು ವರ್ಷ ಸೊಂಟದಲ್ಲಿ ತಿರುಗಿದ ಬಣ್ಣ ತರುತ್ತಿದ್ದ.

ಪ್ರೂಯಿಟ್‌ರ ಮನೆಯಲ್ಲಿ ಹಿಂದೆ ಅಸಲಿಯೇ ಒಂದಿತ್ತು, ಮುತ್ತಜ್ಜನದು. ಅಜ್ಜ ಅದರ ಹಿಡಿಯಿಂದ ಅಕ್ರೋಟು ಒಡೆಯುತ್ತಿದ್ದರಂತೆ. ಹಿಡಿಯ ಒಂದು ಮೂಲೆ ಚಕ್ಕೆ ಎದ್ದಿತ್ತು. ಅದು ಕಾಣೆಯಾದ ವಾರವೇ ಹಿರಿಮಗ ರಾಸ್ಕೋ ಟೆಕ್ಸಸ್ಸಿಗೆ ಹೊರಟುಹೋದ. ಕದ್ದವನು ಅವನೇ ಎಂದು ತಾಯಿ ಯೂಲಾ ತೀರ್ಮಾನಿಸಿದರು. ಮೂವತ್ತು ವರ್ಷ ಆ ಹೆಸರು ಅವರ ಬಾಯಿಂದ ಹೊರಡಲಿಲ್ಲ. ತಾಯಿಯನ್ನು ನೋಡಿಕೊಂಡವನು ಕಿರಿಮಗ ಲಾಯ್ಡ್. ಮದುವೆಯೂ ಆಗಲಿಲ್ಲ.

ಆ ವರ್ಷ ತಾಯಿಯ ಹುಟ್ಟುಹಬ್ಬಕ್ಕೆಂದು ಲಾಯ್ಡ್ ಗುಟ್ಟಾಗಿ ಒಂದು ಹೊಸ ರಿವಾಲ್ವರ್ ತರಿಸಿದ. ಹುಡುಗನಾಗಿದ್ದಾಗ ತಾನೇ ತೊಳೆದು ಮೇಣ ಹಚ್ಚಿದ್ದ ಅಸಲಿಯನ್ನು ನೆನಪಿನಿಂದಲೇ ಮತ್ತೆ ಮಾಡಿದ. ಅದೇ ಗೀರು, ಹಿಡಿಯ ಅದೇ ಚಕ್ಕೆ. ಅಮ್ಮನಿಗೆ ಖುಷಿಯಾಗಲಿ ಎಂಬುದೊಂದೇ ಅವನ ಆಸೆ. ಜೋಳದ ರೊಟ್ಟಿ, ಬೀನ್ಸ್ ಮುಗಿದ ಮೇಲೆ ಅದನ್ನು ಅವರ ಮಡಿಲಲ್ಲಿಟ್ಟ. ಯೂಲಾ ಹೆಬ್ಬೆರಳಿನಿಂದ ಚಕ್ಕೆಯನ್ನು ಸವರಿದರು. ಮುಖ ಕಪ್ಪಿಟ್ಟಿತು.

“ಹಾಗಾದ್ರೆ ಇಷ್ಟು ವರ್ಷವೂ ನಿನ್ ಹತ್ರಾನೇ ಇತ್ತು.”

“ಅಮ್ಮಾ, ಇದು ಹೊಸದು! ನಾನೇ ಮಾಡಿದ್ದು.”

“ಹೊಸದಾದ್ರೆ ಕಾರ್ಖಾನೆ ಹೆಸರೆಲ್ಲಿ? ತೋರ್ಸು.”

ಏನು ತೋರಿಸುವುದು? ಅರದಿಂದ ಉಜ್ಜಿ ಹಾಕಿದ್ದನಲ್ಲ. ಖಾಲಿ ಪೆಟ್ಟಿಗೆ ತಂದಿಟ್ಟರೆ, “ನಿನ್ ಶೆಡ್ಡಲ್ಲಿ ಅಂಥವು ಹತ್ತು ಬಿದ್ದಿವೆ” ಎಂದುಬಿಟ್ಟರು. ಮರುದಿನವೇ ಚರ್ಚಿನ ಹೆಂಗಸರಿಂದ ನಂಬರು ಹುಡುಕಿಸಿ ರಾಸ್ಕೋನಿಗೆ ಫೋನು ಮಾಡಿಸಿದರು. “ಮಗಾ, ನಂದೇ ತಪ್ಪು. ಬಂದ್ಬಿಡೋ” ಎಂದು ಗಳಗಳನೆ ಅತ್ತರು. ರಾಸ್ಕೋ ಬರುತ್ತೇನೆ ಎಂದ.

ಲಾಯ್ಡ್ ನನ್ನ ಜಗಲಿಗೆ ಬಂದು ಕೂತ. “ಅಮ್ಮಂಗೆ ಸ್ಕ್ರೂ ತೋರಿಸಿದ್ರೆ ಮುಗೀತು. ಆ ಕಾಲದ ಸ್ಕ್ರೂ ಇಂಚಿನ ಅಳತೇದು, ಇದ್ರದ್ದು ಮಿಲಿಮೀಟರು. ಹಾರ್ಡ್‌ವೇರ್ ಅಂಗಡೀಲಿ ಜೀವ ಸವೆಸಿದೋಳು, ಮುಟ್ಟಿದ್ರೆ ಗೊತ್ತಾಗುತ್ತೆ.”

“ಬಾಯ್ಮುಚ್ಚು ಮಾರಾಯ. ಅಣ್ಣ ಬಂದು ಅಮ್ಮನ ಮುಖ ನೋಡಿ ಹೋಗ್ಲಿ. ಆಮೇಲೆ ಬೇಕಾದ್ರೆ ಗಾಡಿ ತುಂಬ ಸ್ಕ್ರೂ ತೋರ್ಸು.”

ನನ್ನ ಮಾತಿಗೆ ಲಾಯ್ಡ್ ಆಗಲಿ ಎಂದು ತಲೆಯಾಡಿಸಿದ. ಆದರೆ ಯೂಲಾ ಸುಮ್ಮನಿರುವ ಹೆಂಗಸಲ್ಲ. ಮಾರನೆಯ ಸಂಜೆ ಅವನು ಸಾರು ಬಡಿಸುತ್ತಿದ್ದಾಗ ತಟ್ಟೆ ಸರಿಸಿ, “ಕಳ್ಳನ ಕೈಯಡುಗೆ ತಿಂದ್ಕೊಂಡಿದ್ದೆ ಇಷ್ಟು ದಿನ” ಎಂದರು. ಲಾಯ್ಡ್ ಸೌಟು ಎಸೆದ. ರಿವಾಲ್ವರ್ ತಂದು, ಹಿಡಿಯ ಸ್ಕ್ರೂ ಬಿಚ್ಚಿ, ಪಕ್ಕದಲ್ಲಿ ಆ ಕಾಲದ ಹಳೆಯ ಸ್ಕ್ರೂ ಒಂದನ್ನಿಟ್ಟು ತಾಯಿಯ ಅಂಗೈಗೆ ಒತ್ತಿದ.

“ಮುಟ್ಟಿ ನೋಡು! ನೀನೇ ಹೇಳು ಈಗ, ಕಳ್ಳ ಯಾರು!”

ಯೂಲಾ ಎರಡನ್ನೂ ಬೆರಳಲ್ಲಿ ಹೊರಳಿಸಿದರು. ಆಮೇಲೆ, “ನಿಜ. ನಿಂದು ತಪ್ಪಿಲ್ಲ” ಎಂದು ಎದ್ದು ಕೋಣೆಗೆ ಹೋಗಿ ಅಗುಳಿ ಹಾಕಿಕೊಂಡರು. ಒಳಗಿಂದಲೇ, “ಅವ್ನು ಬಂದ್ರೆ ಹಾಗೇ ವಾಪಸ್ ಕಳ್ಸು” ಎಂದರು.

ಬರಬೇಡ ಎನ್ನಲು ಲಾಯ್ಡ್ ಅಣ್ಣನಿಗೆ ಫೋನು ಮಾಡಿದ. ರಾಸ್ಕೋ ಆಗಲೇ ದಾರಿಯಲ್ಲಿದ್ದ. ಬೆಳಿಗ್ಗೆ ಅಂಗಳದಲ್ಲಿ ಒಂದು ಹಳೆಯ ಟ್ರಕ್ಕು ನಿಂತಿತು. ಇಳಿದವನ ತಲೆಯಲ್ಲಿ ಒಂದು ಕಪ್ಪು ಕೂದಲಿಲ್ಲ. ಅವನು ತಾಯಿಯ ಕೋಣೆಯ ಬಾಗಿಲು ತಟ್ಟಿದ, “ಅಮ್ಮಾ, ನಾನು” ಎಂದ. ಅಗುಳಿ ತೆರೆಯಲಿಲ್ಲ. ಲಾಯ್ಡ್ ಸ್ಕ್ರೂಗಳ ಕತೆ ಹೇಳುತ್ತಿದ್ದಂತೆ ಅಣ್ಣ ಮೆಟ್ಟಿಲ ಮೇಲೆ ಕೂತ.

“ಆ ಹಳೇದನ್ನ ಕದ್ದು ಮಾರಿದ್ದು ನಾನೇ ಕಣೋ. ಅದು ಇನ್ನೆಲ್ಲಿಂದ ಸಿಗ್ಬೇಕು? ಫೋನಲ್ಲೇ ಗೊತ್ತಾಯ್ತು, ಏನೋ ತಪ್ಪು ತಿಳ್ಕೊಂಡಿದ್ದಾಳೆ ಅಂತ. ಆದ್ರೂ ‘ಮಗಾ’ ಅಂದ್ಲಲ್ಲ. ಒಂದ್ಸಲ ಮುಖ ನೋಡಿ, ನಾನೇ ಎಲ್ಲಾ ಹೇಳಿ ಹೋಗೋಣ ಅಂತ ಬಂದೆ. ಒಂದ್ ದಿನ ತಡ್ಕೊಂಡಿದ್ರೆ ಏನಾಗ್ತಿತ್ತೋ ನಿಂಗೆ?”

ಟ್ರಕ್ಕು ಬಂದ ದಾರಿಯಲ್ಲೇ ತಿರುಗಿ ಹೋಯಿತು. ಸತ್ಯ ಲಾಯ್ಡ್‌ನ ಕಡೆಗಿತ್ತು, ಒಪ್ಪುತ್ತೇನೆ. ಆದರೂ ಆ ದಿನ ಅವನನ್ನು ಕಂಡರೆ ನನಗೆ ಸಿಟ್ಟೇ ಬಂತು. ಆ ಚಳಿಗಾಲದಲ್ಲೇ ಯೂಲಾ ತೀರಿಕೊಂಡರು.

ಮಣ್ಣು ಮಾಡಿ ಬಂದ ದಿನ ಲಾಯ್ಡ್ ನನಗೆ ಇನ್ನೊಂದು ವಿಷಯ ಹೇಳಿದ. ಟ್ರಕ್ಕಿನ ಸದ್ದು ಅಡಗಿದ ಮೇಲೆ ಅಮ್ಮ ಅಗುಳಿ ತೆಗೆದು ಹೊರಗೆ ಬಂದರಂತೆ. ಮುಖ ಬಾಡಿ, ಕಣ್ಣು ಕೆಂಪಾಗಿತ್ತಂತೆ.

“ಹೋದ್ನಾ?”

“ಹೋದ.”

“ಅಷ್ಟು ದೂರದಿಂದ ಬಂದಿದ್ದ. ತಿನ್ನೋಕೆ ಏನಾದ್ರೂ ಕೊಟ್ಯೇನೋ?”

ಲಾಯ್ಡ್ ಏನೂ ಕೊಟ್ಟಿರಲಿಲ್ಲ.